ಬ್ಲಿಂಪಿಗೆ ಬಿದಿರಿನ ಎಲುಬು

ಗುಲಾಮ್ ರಸೂಲ್ ಸಾಹೇಬರಿಗೆ ಗಿರಾಕಿಯ ಮುಂದೆ 'ಇಲ್ಲ' ಎನ್ನಲು ಬರುತ್ತಿರಲಿಲ್ಲ. ಎಲ್ಲ ತಾಪತ್ರಯಕ್ಕೂ ಅದೇ ಮೂಲ. ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರ ಅವರದು ಮೂವತ್ತು ವರ್ಷದ ಶಾಮಿಯಾನಾ ಅಂಗಡಿ. ಯಾರು ಬಂದು ಏನು ಕೇಳಿದರೂ ಮೊದಲು 'ಅದ ರೀ' ಎಂದುಬಿಡುವುದು, ಆಮೇಲೆ ಅದನ್ನು ಊರೆಲ್ಲ ಹುಡುಕುವುದು ಅವರ ವ್ಯಾಪಾರದ ಪದ್ಧತಿ. ಒಮ್ಮೆ ಮದುವೆ ಮೆರವಣಿಗೆಗೆ ಬಿಳಿ ಕುದುರೆ ಕೇಳಿದವರಿಗೂ ಹಾಗೇ ಅಂದು, ಕಂದು ಕುದುರೆಗೆ ಸುಣ್ಣ ಬಳಿದು ಕಳಿಸಿದ್ದರು. ನಡುದಾರಿಯಲ್ಲಿ ಮಳೆ ಬಂತು. ಮದುಮಗ ಕುದುರೆಯಿಂದ ಇಳಿದಾಗ ಕುದುರೆ ಕಂದಾಗಿತ್ತು, ಮದುಮಗ ಬೆಳ್ಳಗಾಗಿದ್ದ.

ಹೀಗಿರುವಾಗ ದೇವದುರ್ಗದ ಬಟ್ಟೆ ವ್ಯಾಪಾರಿ ನಿಂಗರಾಜನ ಫೋನು ಬಂತು.

"ರಸೂಲ್ ಭಾಯಿ, ನನ್ನ ಹೊಸ ಸೀರಿ ಅಂಗಡಿ ಓಪನಿಂಗ್ ಅದ. ದೊಡ್ಡ ಊರಾಗ ಆಕಾಶದಾಗ ಮೀನಿನಂಗ ತೇಲ್ತಿರ್ತದಲ್ಲ, ಮೈಮ್ಯಾಲೆ ಅಂಗಡಿ ಹೆಸರು ಬರದದ್ದು, ಬ್ಲಿಂಪ್ ಅಂತಾರ. ನಿಮ್ಮಲ್ಲಿ ಅದ ಏನು?"

"ಅದ ರೀ," ಎಂದರು ರಸೂಲ್ ಸಾಹೇಬರು.

"ಭೇಷ್! ಅದೊಂದು ಮ್ಯಾಲೆ ಹೋತು ಅಂದ್ರ ನನ್ನ ಮಗಳು ಭಾಗ್ಯಜ್ಯೋತಿ ಮದುವಿ ಹಂದರಾನೂ ನಿಮ್ಗ. ಹೋಗಲಿಲ್ಲ ಅಂದ್ರ ಮಾನ್ವಿ ಮುಷರ್ರಫ್‌ಗ. ಆಂವನೂ ಶಾಮಿಯಾನಾದಾಂವ, ಬಾಗಲದಾಗ ಕುಂತು ಕಾಯಾಕತ್ತಾನ."

ಫೋನು ಇಟ್ಟ ಮೇಲೆ ರಸೂಲ್ ಸಾಹೇಬರು ಹೆಂಡತಿ ಇಮಾಮ್ ಬೀಯನ್ನು ಕೇಳಿದರು. "ಏನ ಹೇಳು, ಬ್ಲಿಂಪ್ ಅಂದ್ರ ಏನು?"

ಇಮಾಮ್ ಬೀ ಮೂವತ್ತು ವರ್ಷದಿಂದ ಈ ಜಾತಿಯ ಪ್ರಶ್ನೆಗಳಿಗೆ ಉತ್ತರ ಕೊಡುವುದನ್ನು ಬಿಟ್ಟಿದ್ದರು. ಹಣೆ ಚಚ್ಚಿಕೊಂಡು ಒಳಗೆ ಹೋದರು.

ನಿಂಗರಾಜನ ಮಗಳ ಮದುವೆಯ ಹಂದರ ಅಂದರೆ ಸಣ್ಣ ಮಾತಲ್ಲ. ಐದು ಸಾವಿರ ಜನರ ಊಟ, ಮೂರು ತಾಲೂಕಿನ ನೆಂಟರು, ನಾಲ್ಕು ದಿನದ ಗದ್ದಲ. ರಸೂಲ್ ಸಾಹೇಬರು ಆ ತನಕ ಹಾಕಿದ ಹಂದರಗಳಲ್ಲೆಲ್ಲ ದೊಡ್ಡದು ಯರಗೇರಾದಲ್ಲಿ ಒಬ್ಬ ಮಾಸ್ತರರ ಬೀಳ್ಕೊಡುಗೆಯದು. ಅದೂ ಗಾಳಿಗೆ ಅರ್ಧ ಬಿದ್ದು, ಮಾಸ್ತರರು ಹಾರದ ಸಮೇತ ಬಟ್ಟೆಯಡಿ ಸಿಕ್ಕಿಕೊಂಡಿದ್ದರು. ಸಾಯುವುದರೊಳಗೆ ಒಂದು ಸಲವಾದರೂ ದಾರಿಯಲ್ಲಿ ಹೋಗುವವರು ನಿಂತು 'ಯಾರದಪ್ಪಾ ಈ ಹಂದರ' ಎಂದು ಕೇಳುವಂಥದ್ದನ್ನು ಹಾಕಬೇಕೆನ್ನುವುದು ಅವರ ಆಸೆ. ಅದಕ್ಕಾಗಿ ಅವರು ಬ್ಲಿಂಪೇನು, ಚಂದ್ರನನ್ನು ಬೇಕಾದರೂ ಬಾಡಿಗೆಗೆ ತರಲು ತಯಾರಿದ್ದರು.

ಬ್ಲಿಂಪು ಹೈದರಾಬಾದಿನಲ್ಲಿ ಬಾಡಿಗೆಗೆ ಸಿಕ್ಕಿತು. ಓಪನಿಂಗಿನ ಹಿಂದಿನ ದಿನ ಅಂಗಡಿಗೆ ಬಂತು, ಆದರೆ ಬಂದದ್ದು ಒಂದು ಗಂಟು. ಬಿಚ್ಚಿದರೆ ಇಪ್ಪತ್ತೈದು ಅಡಿ ಉದ್ದದ ಬಿಳಿ ಚೀಲ, ಮೈಮೇಲೆ ಹೇಳಿ ಬರೆಸಿದ ಅಂಗಡಿಯ ಹೆಸರು, ಹಿಂದೆ ನಾಲ್ಕು ರೆಕ್ಕೆ, ಹೊಟ್ಟೆಯ ಕೆಳಗೆ ಒಬ್ಬ ಮನುಷ್ಯ ನುಸುಳುವಷ್ಟು ದೊಡ್ಡ ಜಿಪ್ಪು. ಬರೀ ಗಾಳಿ ಊದಿ ನೋಡಿದಾಗ ಚೀಲ ಮೆಲ್ಲಗೆ ಎದ್ದು ಮೀನಾಯಿತು. ಊದುವ ಮಷಿನ್ನು ನಿಲ್ಲಿಸಿದ ಕೂಡಲೇ ಮೂತಿ ಬಾಗಿಸಿ, ಸೊಂಟ ಮುರಿದುಕೊಂಡು, ನೆಲಕ್ಕೆ ಒರಗಿತು.

ಕಲ್ಮಲದ ಮಾಳಿಂಗಪ್ಪ ಇದನ್ನೆಲ್ಲ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ. ರಸೂಲ್ ಸಾಹೇಬರ ಅಂಗಡಿಯ ಎಲ್ಲ ಹಂದರಗಳ ಕಂಬ ನೆಟ್ಟವನು, ಗಂಟು ಹಾಕಿದವನು ಅವನೇ. ಅವನು ಹಾಕಿದ ಗಂಟನ್ನು ಅವನೇ ಬಿಚ್ಚಬೇಕು, ಇಲ್ಲವೆ ಕತ್ತರಿ ಬಿಚ್ಚಬೇಕು.

"ಮಾಲಕ್ರ, ಇದಕ್ಕ ಬೆನ್ನ ಇಲ್ಲಲ್ರೀ," ಎಂದ.

"ಗ್ಯಾಸ್ ತುಂಬಿದ್ರ ನಿಂದ್ರತದ. ನಾಳಿ ಗ್ಯಾಸ್ ಬರ್ತದ, ಸುಮ್ನಿರು."

"ಕಂಬ ಇಲ್ಲದ್ದು ಯಾವುದು ನಿಂತದ ಹೇಳ್ರಿ?"

"ಸುಮ್ನಿರು ಅಂದ್ನಲ್ಲೋ!"

ಮಾಳಿಂಗಪ್ಪ ಸುಮ್ಮನಾದ. ಅವನು ಸುಮ್ಮನಾದಾಗ ಎಚ್ಚರದಿಂದ ಇರಬೇಕೆಂದು ಮೂವತ್ತು ವರ್ಷದಲ್ಲಿ ರಸೂಲ್ ಸಾಹೇಬರು ಕಲಿಯಬೇಕಿತ್ತು.

ಮರುದಿನ ಬೆಳಿಗ್ಗೆ ರಸೂಲ್ ಸಾಹೇಬರು ಹೀಲಿಯಂ ಗ್ಯಾಸಿನ ಸಿಲಿಂಡರುಗಳನ್ನು ತರಲು ಹೋದರು. ಬರಬೇಕಾದ ಗಾಡಿ ತಡವಾಯಿತು, ನಡುವೆ ಎರಡು ಸಲ ಚಹಾ ಆಯಿತು, ಗುರುತಿನವರು ಸಿಕ್ಕು ಮೂರನೆಯ ಸಲವೂ ಆಯಿತು. ಒಂಬತ್ತೂವರೆಗೆ ಅಂಗಡಿಯ ಹಿತ್ತಲಿಗೆ ಬಂದು ನೋಡಿದರೆ ಬ್ಲಿಂಪು ಆಗಲೇ ಎದ್ದು ನಿಂತಿತ್ತು. ಗ್ಯಾಸಿಲ್ಲ, ಗಾಳಿಯಿಲ್ಲ. ಎಲ್ಲೂ ಒಂದು ಸುಕ್ಕಿಲ್ಲದೆ, ಬಾಸಿಂಗ ಕಟ್ಟಿದ ಮದುಮಗನ ಹಾಗೆ ಸೆಟೆದು ನಿಂತಿತ್ತು.

ಹೊಟ್ಟೆಯ ಜಿಪ್ಪಿನಿಂದ ಮಾಳಿಂಗಪ್ಪನ ತಲೆ ಹೊರಬಂತು. ಆಮೇಲೆ ಮಾಳಿಂಗಪ್ಪ.

"ನೋಡ್ರಿ ಈಗ! ನಮ್ಮೂರಿಂದ ನಂದೇ ಬಿದಿರು ತಂದಿದ್ದೆ. ಸೀಳಿ ಒಳಗ ಬಳಿ ಬಳಿ ಹಾಕೀನಿ, ನಡುವ ಉದ್ದಕ್ಕ ಗಳ ಕೊಟ್ಟೀನಿ. ಚೀಲ ಹರೀಬಾರದು ಅಂತ ತುದಿಗೆಲ್ಲ ಗೋಣಿ ಸುತ್ತೀನಿ. ಇನ್ನ ಯಾವ ಗಾಳಿ ಬಂದ್ರೂ ಇದ್ರ ಸೊಂಟ ಬಾಗಂಗಿಲ್ಲ."

ನಿಜ ಹೇಳಬೇಕೆಂದರೆ ರಸೂಲ್ ಸಾಹೇಬರಿಗೆ ಮೊದಲು ಆನಂದವೇ ಆಯಿತು. ಬೆರಳಿನಿಂದ ತಟ್ಟಿದರು, ಡಬ್ ಎಂದಿತು. "ವಾಹ್!" ಎಂದರು. ಸಿಲಿಂಡರಿನ ಪೈಪು ಹಚ್ಚಿ ಗ್ಯಾಸು ತುಂಬಿದರು. ಅಕ್ಕಪಕ್ಕದ ಅಂಗಡಿಯವರೆಲ್ಲ ವ್ಯಾಪಾರ ಬಿಟ್ಟು ಬಂದು ನಿಂತರು. ಎರಡು ಸಿಲಿಂಡರೂ ಖಾಲಿಯಾದವು. ಎಲ್ಲರೂ ಕತ್ತು ಮೇಲೆತ್ತಿದರು. ಬ್ಲಿಂಪು ಮಾತ್ರ ಇದ್ದಲ್ಲೇ ಇತ್ತು.

"ಹಗ್ಗ ಬಿಚ್ಚೀರೇನು?" ಎಂದರು ಪಾತ್ರೆ ಅಂಗಡಿಯವರು.

"ಹಗ್ಗ ಕಟ್ಟೇ ಇಲ್ಲ."

"ಬಿಸಿಲಿಗೆ ಹಚ್ರಿ, ಮೈ ಕಾದ್ರ ಏಳ್ತದ," ಎಂದರು ಗಡಿಯಾರ ರಿಪೇರಿಯವರು. ಬಿಸಿಲಿಗೆ ಹಚ್ಚಿದರು. ರಾಯಚೂರಿನ ಬಿಸಿಲಿಗೆ ಕಾಯದ ವಸ್ತುವಿಲ್ಲ, ಬ್ಲಿಂಪೂ ಕಾದಿತು, ಆದರೆ ಏಳಲಿಲ್ಲ.

"ಕೆಳಗಿಂದ ನಾಕ ಮಂದಿ ಎತ್ತಿ ಒಮ್ಮೆ ರೂಢಿ ಮಾಡಿಸ್ರಿ, ಆಮ್ಯಾಲೆ ತಾನೇ ಹೋಗ್ತದ," ಎಂದರು ಇನ್ನೊಬ್ಬರು. ಅದನ್ನೂ ಮಾಡಿದರು. ನಾಲ್ಕು ಜನ ಎತ್ತಿ ಹಿಡಿದು ಕೈಬಿಟ್ಟರು. ಅದು ಪಾತ್ರೆ ಅಂಗಡಿಯವರ ಪಾದದ ಮೇಲೆ ಬಂದು ಕೂತಿತು. ಅವರು ಮತ್ತೆ ಸಲಹೆ ಕೊಡಲಿಲ್ಲ.

ರಸೂಲ್ ಸಾಹೇಬರು ಬೆವರು ಒರೆಸಿಕೊಂಡು ಮಗಳಿಗೆ ಫೋನು ಹಚ್ಚಿದರು. ತಹಸೀನ್ ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು.

"ಅಬ್ಬಾ, ಹೊಸಾ ಗ್ಯಾಸ್ ತುಂಬಿದ್ರೂ ಏಳವಲ್ದು ಅಂದ್ರ ಹ್ಯಾಂಗ? ಒಳಗ ಏನರ ಹಾಕೀರೇನು?"

"ಏನಿಲ್ಲ ಬೇಟಾ. ಬಿದಿರು, ಅಷ್ಟ."

ಆ ಕಡೆಯಿಂದ ನಗು ಕೇಳಿಸಿತು. ಮೊದಲು ತಹಸೀನಳದು, ಆಮೇಲೆ ಇಡೀ ಸ್ಟಾಫ್ ರೂಮಿನದು.

"ಈಗ ಬಿಚ್ಚಬ್ಯಾಡ್ರಿ ಅಬ್ಬಾ. ಜಿಪ್ ತಗದ್ರ ಇದ್ದ ಗ್ಯಾಸೂ ಹೋಗ್ತದ. ಹಂಗ ಮಾನ್ವಿ ಮ್ಯಾಲೆ ಬರ್ರಿ. ಈ ಕಡೀಗೆ ಗ್ಯಾಸ್ ಇರೂದು ಮುಷರ್ರಫ್ ಅಂಕಲ್ ಹತ್ರ ಮಾತ್ರ. ಅವ್ರನ್ನ ಕೇಳ್ರಿ, ಇನ್ನಷ್ಟ ತುಂಬಿದ್ರ ಏಳ್ತದೇನೋ ನೋಡೂಣು."

ಮುಷರ್ರಫನನ್ನು ಕೇಳುವುದೆಂದರೆ ರಸೂಲ್ ಸಾಹೇಬರಿಗೆ ಹಲ್ಲು ಕೀಳಿಸಿಕೊಂಡಷ್ಟು ಸುಖ. ಆದರೆ ಓಪನಿಂಗು ಮೂರೂವರೆಗೆ ಇತ್ತು, ಆಗಲೇ ಹತ್ತೂವರೆಯಾಗಿತ್ತು.

ಗಂಟಾಗಿ ಆಟೋದಲ್ಲಿ ಬಂದ ಬ್ಲಿಂಪು ಈಗ ಮಡಚುವ ಹಾಗಿರಲಿಲ್ಲ. ಮಾರೆಪ್ಪನ ಲಾರಿ ಕರೆಸಿ, ಅದರ ಮೇಲೆ ಅಡ್ಡಡ್ಡ ಹಗ್ಗ ಬಿಗಿದು ಮಲಗಿಸಿದರು. ಬಾಲ ಲಾರಿಯಿಂದ ಆಚೆ ಎಂಟು ಅಡಿ ಚಾಚಿತು. ಮಾಳಿಂಗಪ್ಪ ಬಾಲದ ಹತ್ತಿರ ಕೂತು, ಅಡ್ಡ ಬಂದ ಕರೆಂಟ್ ತಂತಿಗಳನ್ನು ಒಣ ಕೋಲಿನಿಂದ ಎತ್ತುತ್ತಾ ಬಂದ. ಊರು ದಾಟಲಿಕ್ಕೇ ಒಂದು ತಾಸು ಹಿಡಿಯಿತು. ದಾರಿಯಲ್ಲಿ ಒಬ್ಬರು 'ನೀರಿನ ಟ್ಯಾಂಕ್ ಎಷ್ಟು ಲೀಟರಿಂದು?' ಎಂದು ಕೇಳಿದರು. ಇನ್ನೊಬ್ಬರು ಇದರಲ್ಲಿ ಎಷ್ಟು ಚೀಲ ಭತ್ತ ಹಿಡಿಯುತ್ತದೆ ಅಂದರು. ರಸೂಲ್ ಸಾಹೇಬರು ಕ್ಯಾಬಿನ್ನಿನಲ್ಲಿ ಕೂತು ಕಿಟಕಿಯ ಗಾಜು ಏರಿಸಿದರು.

ಕಲ್ಮಲದ ಕ್ರಾಸಿನಲ್ಲಿ ಮಾತ್ರ ಗಾಜು ಏರಿಸಿ ಪ್ರಯೋಜನವಾಗಲಿಲ್ಲ. ಅದು ಮಾಳಿಂಗಪ್ಪನ ಊರು. ಚಹಾ ಅಂಗಡಿಯ ಮುಂದಿದ್ದವರೆಲ್ಲ ಲಾರಿಗೆ ಮುತ್ತಿದರು.

"ಮಾಳಿಂಗಾ, ಏನಲೇ ಇದು, ವಿಮಾನ ಏನು?"

"ಗಾಳಿ ಹಡಗು. ನಾನೇ ಕಟ್ಟೀನಿ," ಎಂದ ಮಾಳಿಂಗಪ್ಪ, ಲಾರಿಯ ಮೇಲೆ ಎದ್ದು ನಿಂತು.

"ಹಾರ್ತದೇನು?"

"ಹಾರೂದಲ್ಲ ಮುಖ್ಯ, ನಿಂದ್ರೂದು. ಎಲ್ಲಾರೂ ಮುಟ್ಟಿ ನೋಡ್ರಿ!"

ಎಲ್ಲರೂ ಮುಟ್ಟಿ ನೋಡಿದರು. ಅವನ ಹೆಂಡತಿ ಬಂಡೆಮ್ಮ ಸುದ್ದಿ ಕೇಳಿ ಓಡಿ ಬಂದು, ಮಜ್ಜಿಗೆಯ ತಂಬಿಗೆಯನ್ನು ಅವನ ಕೈಗೆ ಕೊಟ್ಟಳು. ಕ್ಯಾಬಿನ್ನಿನಲ್ಲಿ ಒಬ್ಬರು ಕೂತಿದ್ದಾರೆ ಎನ್ನುವುದು ಯಾರಿಗೂ ನೆನಪಾಗಲಿಲ್ಲ. ಅಷ್ಟರಲ್ಲಿ ನಿಂಗರಾಜನ ಫೋನು ಬಂತು.

"ಎಲ್ಲಿದ್ದೀರಿ ರಸೂಲ್ ಭಾಯಿ?"

"ಸಿರವಾರ ದಾಟಾಕತ್ತೀವ್ರಿ!" ಎಂದರು ರಸೂಲ್ ಸಾಹೇಬರು. ಅವರ ಎದುರಿಗೇ 'ಕಲ್ಮಲ' ಎಂಬ ಹಲಗೆ ನಿಂತು ಅವರನ್ನು ನೋಡುತ್ತಿತ್ತು.

ಮಾನ್ವಿಯಲ್ಲಿ ತಹಸೀನ್ ಶಾಲೆಯ ಗೇಟಿನ ಬಳಿ ಕಾಯುತ್ತಿದ್ದಳು. ಒಬ್ಬಳೇ ಕಾಯುತ್ತಿದ್ದರೆ ರಸೂಲ್ ಸಾಹೇಬರ ಮಾನ ಅಷ್ಟಾದರೂ ಉಳಿಯುತ್ತಿತ್ತು. ಅವಳು ಒಂಬತ್ತನೆಯ ತರಗತಿಯನ್ನು ಸಾಲಾಗಿ ನಿಲ್ಲಿಸಿಕೊಂಡು ಕಾಯುತ್ತಿದ್ದಳು.

"ನೋಡ್ರಿ ಮಕ್ಕಳೇ," ಎಂದು ಅವಳು ಲಾರಿ ನಿಂತ ಕೂಡಲೇ ಸ್ಕೇಲು ಎತ್ತಿದಳು. "ಗಾಳಿ ಹಡಗಿನಾಗ ಮೂರು ಥರ ಅದಾವ. ಮೊದಲನೇದಕ್ಕ ಎಲುಬ ಇರಂಗಿಲ್ಲ. ಒಳಗಿನ ಗ್ಯಾಸಿನ ಒತ್ತಡದ ಮ್ಯಾಲೆ ಅದರ ಆಕಾರ ನಿಂತಿರ್ತದ. ಗ್ಯಾಸ್ ಹೋತಂದ್ರ ತೊಯ್ದ ಕೌದಿ ಇದ್ದಂಗ ಬೀಳ್ತದ. ಅದು ಬ್ಲಿಂಪ್. ಎರಡನೇದಕ್ಕ ಹೊಟ್ಟಿ ಕೆಳಗ ಉದ್ದಕ್ಕ ಒಂದು ಬೆನ್ನೆಲುಬ ಅಷ್ಟ ಇರ್ತದ. ಮೂರನೇದಕ್ಕ ಪೂರಾ ಎಲುಬಿನ ಗೂಡು. ಹಗುರ ಲೋಹದ್ದು. ಒಳಗ ಬ್ಯಾರೆ ಬ್ಯಾರೆ ಗ್ಯಾಸಿನ ಚೀಲ. ಅದಕ್ಕ ಜೆಪ್ಪೆಲಿನ್ ಅಂತಿದ್ರು. ಗ್ಯಾಸ್ ಹೋದ್ರೂ ಅದರ ಆಕಾರ ಹೋಗಂಗಿಲ್ಲ."

"ಟೀಚರ್, ಅಷ್ಟ ಭಾರ ಇದ್ರೂ ಅದು ಹ್ಯಾಂಗ ಹಾರ್ತಿತ್ತು?"

"ಅದು ನಮ್ಮ ಸಾಲಿ ಬಯಲಿಗಿಂತ ಉದ್ದ ಇರ್ತಿತ್ತು. ಅಷ್ಟ ಗ್ಯಾಸ್ ಇದ್ರ ಅಷ್ಟ ಭಾರ ಎತ್ತತದ. ಈ ಇಪ್ಪತ್ತೈದು ಅಡಿದು ತನ್ನ ಚೀಲ ಬಿಟ್ಟು ಇನ್ನೊಂದು ಆಡಿನ ಮರಿ ಎತ್ತಬಹುದು, ಅಷ್ಟ."

"ಹಂಗಾರ ಇದು ಯಾವ ಥರದ್ದು ಟೀಚರ್?"

ತಹಸೀನ್ ತಂದೆಯ ಮುಖ ನೋಡಿದಳು. "ಇದು ಬ್ಲಿಂಪ್ ಆಗಿ ಹುಟ್ಟಿತ್ತು. ನಮ್ಮ ಅಬ್ಬಾನ ಹಿತ್ತಲದಾಗ ಜೆಪ್ಪೆಲಿನ್ ಆಗೇದ."

ನಲವತ್ತು ಮಕ್ಕಳು ಒಟ್ಟಿಗೆ ತಿರುಗಿ ಅಬ್ಬಾನನ್ನು ನೋಡಿದರು. ಒಬ್ಬಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಮಾಳಿಂಗಪ್ಪನ ಬಿದಿರು ಎಷ್ಟು ತೂಗಬಹುದೆಂದು ತಹಸೀನ್ ಕೇಳಿದಳು. ನಲವತ್ತು ಕಿಲೋದ ಮೇಲೆ ಇರಬೇಕೆಂದು ಮಾಳಿಂಗಪ್ಪ ಹೆಮ್ಮೆಯಿಂದ ಹೇಳಿದ. "ಹಂಗಾರ ಎಲುಬ ತಗೀಲೇಬೇಕು ಅಬ್ಬಾ. ತಗದ್ರ ಗ್ಯಾಸ್ ಹೋಗ್ತದ. ಮುಷರ್ರಫ್ ಅಂಕಲ್ ಕಡಿಂದ ಎರಡು ಸಿಲಿಂಡರ್ ತರ್ರಿ, ಆಮ್ಯಾಲೆ ಬಿಚ್ಚೂಣು," ಎಂದವಳು ಶಾಲೆಯ ಗಂಟೆ ಕೇಳಿ ಒಳಗೆ ಹೋದಳು.

ಮುಷರ್ರಫನ ಅಂಗಡಿಗೆ ಬೀಗ ಬಿದ್ದಿತ್ತು. ಪಕ್ಕದ ಬಳೆ ಅಂಗಡಿಯ ಹೀರಾಬಿ, ಕೇಳದಿದ್ದರೂ, ಪೂರಾ ಸುದ್ದಿ ಹೇಳಿದಳು.

"ಆಂವ ಮುಂಜಾನಿನೇ ದೇವದುರ್ಗಕ್ಕ ಹೋಗ್ಯಾನಲ್ರೀ. ಅವನೂ ಒಂದು ಕೆಂಪನ್ನ ಬ್ಲಿಂಪ್ ತರಿಸ್ಯಾನ. ಇದ್ದ ಗ್ಯಾಸೆಲ್ಲ ಹೇರಿಕೊಂಡು ಹೋದ. ರಾಯಚೂರಿನ ಸಾಬ್ರದು ಏಳಲಿಲ್ಲ ಅಂದ್ರ ಇರ್ಲಿ ಅಂತ ಅಂದ. ನೀವು ಅವ್ರೇ ಏನು?"

ಭಾಗ್ಯಜ್ಯೋತಿಯ ಹಂದರ ಕಂಬ ಕಂಬವಾಗಿ ರಸೂಲ್ ಸಾಹೇಬರ ಕಣ್ಣೆದುರು ಬಿದ್ದುಹೋಯಿತು. ಸಿಟ್ಟು ಯಾರ ಮೇಲಾದರೂ ಹೋಗಬೇಕಿತ್ತು, ಲಾರಿಯ ಮೇಲೆ ಒಬ್ಬನೇ ಇದ್ದ.

"ಇಳಿ ಕೆಳಗ! ಮೂವತ್ತು ವರ್ಷ ಆತು, ಕಂಬ ಕಂಬ ಅಂತ ನನ್ನ ಜೀವಾ ತಿಂದಿ. ಮೀನಿಗೆ ಬೇಕಾದ್ರ ಎಲುಬ ಇರ್ಲಿ, ಬ್ಲಿಂಪಿಗೆ ಯಾಕ ಹಾಕಿದಿ? ಇವತ್ತಿಂದ ನೀ ನನ್ನ ಕಡಿ ಕೆಲಸಕ್ಕ ಬರಬ್ಯಾಡ. ನಿನಗೂ ನನಗೂ ಮುಗೀತು!"

ಮಾಳಿಂಗಪ್ಪ ಇಳಿಯಲಿಲ್ಲ. ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಬದಿಗೆ ಸರಿಸಿ ಹೇಳಿದ. "ಆತ್ರಿ ಮಾಲಕ್ರ. ಕೆಲಸ ನಿಮ್ದು, ತಗೀರಿ. ಆದ್ರ ಬಿದಿರು ನಂದು. ಅದನ್ನ ಬಿಟ್ಟು ನಾ ಎಲ್ಲಿ ಹೋಗಲಿ? ಬಿಚ್ಚೂ ತನಕ ಬರ್ತೀನಿ."

ಡ್ರೈವರ್ ಮಾರೆಪ್ಪ ಇದಕ್ಕೆಲ್ಲ ಸಾಕ್ಷಿಯಾಗಿ ಬೀಡಿ ಹಚ್ಚಿಕೊಂಡ. ಆಮೇಲೆ ಮೂವರೂ ಸಿರವಾರ ದಾಟಿ ದೇವದುರ್ಗದ ಹಾದಿ ಹಿಡಿದರು. ಎಷ್ಟು ತಡವಾದರೆ ಅಷ್ಟು ಒಳ್ಳೆಯದೆಂದು ರಸೂಲ್ ಸಾಹೇಬರು ಮನಸ್ಸಿನಲ್ಲೇ ಪಂಕ್ಚರಿಗಾಗಿ ದುವಾ ಮಾಡಿದರು. ಆ ದಿನ ಮಾರೆಪ್ಪನ ಲಾರಿ ಹುಟ್ಟಿದಾಗಿನಿಂದ ಓಡಿರದಷ್ಟು ಚೆನ್ನಾಗಿ ಓಡಿತು.

ದೇವದುರ್ಗ ಇನ್ನೂ ಎರಡು ಮೈಲಿ ಇರುವಾಗಲೇ ಆಕಾಶದಲ್ಲಿ ಕೆಂಪು ಚುಕ್ಕಿ ಕಾಣಿಸಿತು. ಹತ್ತಿರ ಹೋದಂತೆ ಅದು ಬದನೆಕಾಯಿಯಷ್ಟಾಯಿತು, ಆಮೇಲೆ ಎತ್ತಿನಷ್ಟಾಯಿತು. ನಿಂಗರಾಜನ ಅಂಗಡಿಯ ಮೇಲೆ ಮುಷರ್ರಫನ ಬ್ಲಿಂಪು ಗಾಳಿಯಲ್ಲಿ ಮೂತಿ ಅಲ್ಲಾಡಿಸುತ್ತಾ ತೇಲುತ್ತಿತ್ತು. ಕೆಳಗೆ ರೇಷ್ಮೆ ಶರ್ಟು ತೊಟ್ಟ ನಿಂಗರಾಜ, ಹೊಸ ಸೀರೆಯ ಭಾಗ್ಯಜ್ಯೋತಿ, ಊರಿನ ಅರ್ಧ ಜನ, ಎಲ್ಲರೂ ಮೇಲೆ ನೋಡುತ್ತಿದ್ದರು. ಹಗ್ಗದ ತುದಿ ಹಿಡಿದ ಮುಷರ್ರಫ್ ಮಾತ್ರ ಕೆಳಗೆ, ಲಾರಿಯ ಕಡೆ, ನೋಡುತ್ತಿದ್ದ.

"ಸಲಾಂ ರಸೂಲ್ ಭಾಯಿ! ಇದನ್ನ ಮಲಗಿಸಿಕೊಂಡು ತಂದೀರಲ್ಲ, ಆರಾಮ ಇಲ್ಲೇನು ಅದಕ್ಕ?"

ಜನ ನಕ್ಕರು. ನಿಂಗರಾಜ ನಗಲಿಲ್ಲ. "ರಸೂಲ್ ಭಾಯಿ, ಮೂರೂವರಿ ಆಗಾಕ ಬಂತು. ನಿಮ್ದು ಏಳ್ತದೋ, ಇಲ್ಲೋ? ಏಳಲಿಲ್ಲ ಅಂದ್ರ ನನ್ನ ಮಾತು ನಿಮಗ ಗೊತ್ತದ."

ರಸೂಲ್ ಸಾಹೇಬರು ಬಾಯಿ ತೆರೆದರು. ಆದರೆ ಅಷ್ಟರಲ್ಲಿ ಪೊಲೀಸ್ ಜೀಪೊಂದು ಧೂಳೆಬ್ಬಿಸುತ್ತಾ ಬಂದು ನಿಂತಿತು. ಕೆಳಗಿಳಿದ ಪಿಎಸ್ಐ ಸಾಹೇಬರು ಮೇಲೆ ನೋಡಿದವರೇ ಟೋಪಿ ತೆಗೆದು ಕೈಯಲ್ಲಿ ಹಿಡಿದರು.

"ಯಾರದ್ರೀ ಅದು? ಇಳಸ್ರಿ ಮೊದ್ಲು! ಅರ್ಧ ತಾಸಿನಾಗ ದೊಡ್ಡ ಸಾಹೇಬ್ರ ಹೆಲಿಕಾಪ್ಟರ್ ಇಳೀತದ. ಸಂಜಿ ತನಕ ಈ ಊರಾಗ ಕಾಗಿ ಗುಬ್ಬಿ ಬಿಟ್ಟು ಇನ್ನೊಂದು ಹಾರಬಾರದು. ಬರೀ ಇಳಸಿದ್ರ ಸಾಲಂಗಿಲ್ಲ. ಗ್ಯಾಸ್ ಪೂರಾ ಬಿಡ್ರಿ!"

ಮುಷರ್ರಫ್ ಗೋಗರೆದ. ನಿಂಗರಾಜ ಕೈ ಮುಗಿದ. ಪಿಎಸ್ಐ ಸಾಹೇಬರು ಗಡಿಯಾರ ನೋಡಿಕೊಂಡರು. ಕೆಂಪು ಬ್ಲಿಂಪು ಇಳಿಯಿತು, ಕವಾಟ ಬಿಚ್ಚಿದರು, ಸುಯ್ಯೆಂದಿತು. ಎರಡು ನಿಮಿಷದ ಹಿಂದೆ ಎತ್ತಿನ ಹಾಗಿದ್ದದ್ದು ಮೂತಿ ಮುದುಡಿ, ಸೊಂಟ ಕುಸಿದು, ಕಡೆಗೆ ಒಗೆದು ಹಾಕಿದ ಬಟ್ಟೆಯ ರಾಶಿಯಾಗಿ ಮುಷರ್ರಫನ ಕಾಲ ಬಳಿ ಬಿತ್ತು. ಅಂಗಡಿಯ ಹೆಸರು ಸುಕ್ಕಿನಲ್ಲಿ ಎಲ್ಲಿ ಹೋಯಿತೋ ಕಾಣಲಿಲ್ಲ.

ಪಿಎಸ್ಐ ಸಾಹೇಬರು ಲಾರಿಯ ಕಡೆ ತಿರುಗಿದರು. "ಇದು ಯಾರದು? ಇದು ಹಾರ್ತದೇನು?"

ಇಡೀ ದೇವದುರ್ಗ ರಸೂಲ್ ಸಾಹೇಬರನ್ನು ನೋಡಿತು. ಮೂವತ್ತು ವರ್ಷ ಬಾರದ ಮಾತು ಕೊನೆಗೆ ಹೊರಗೆ ಬಂತು.

"ಇಲ್ರಿ."

ಹೇಳಿ ಅವರಿಗೇ ಗಾಬರಿಯಾಯಿತು. ಏನೂ ಆಗಲಿಲ್ಲವೆಂದು ನೋಡಿ ಇನ್ನೊಮ್ಮೆ ಹೇಳಿದರು. "ಇಲ್ರಿ ಸಾಹೇಬ್ರ, ಇದು ಹಾರಂಗಿಲ್ಲ. ಖುದಾ ಕಸಂ, ಬೆಳಗಿಂದ ಎಷ್ಟ ಮಾಡಿದ್ರೂ ಹಾರಿಲ್ಲ."

"ಬಾಯಿ ಮಾತು ಬ್ಯಾಡ. ಹಗ್ಗ ಬಿಚ್ರಿ, ನೋಡೂಣು."

ಮಾಳಿಂಗಪ್ಪ ಹಗ್ಗ ಬಿಚ್ಚಿದ. ಬ್ಲಿಂಪು ಕೆರೆಯಲ್ಲಿ ಕೂತ ಎಮ್ಮೆಯ ಹಾಗೆ ಲಾರಿಯ ಮೇಲೆ ಕೂತೇ ಇತ್ತು. ಇಬ್ಬರು ಪೇದೆಗಳು ತಳ್ಳಿ ನೋಡಿದರು, ಅಲುಗಲಿಲ್ಲ. ಆದರೂ ಒಳಗಿರುವ ಗ್ಯಾಸು ಬಿಡಬೇಕೆಂದು ಹುಕುಂ ಆಯಿತು. ಬಿಟ್ಟರು. ಸುಯ್ಯೆಂಬ ಸದ್ದು ನಿಂತ ಮೇಲೂ ಅದು ಹಾಗೇ ಇತ್ತು. ಮೂತಿ ಬಾಗಲಿಲ್ಲ, ಸೊಂಟ ಕುಸಿಯಲಿಲ್ಲ, ಮೈಮೇಲಿನ 'ಭಾಗ್ಯಜ್ಯೋತಿ ಸ್ಯಾರೀಸ್' ಎಂಬ ಅಕ್ಷರಗಳಲ್ಲಿ ಒಂದು ಒತ್ತು ಕೂಡ ಸುಕ್ಕಾಗಲಿಲ್ಲ. ಪಿಎಸ್ಐ ಸಾಹೇಬರು ಅದರ ಹೊಟ್ಟೆಗೆ ಎರಡು ಸಲ ಗುದ್ದಿದರು. ಡಬ್ ಡಬ್ ಎಂದಿತು.

"ಇದು ವಿಮಾನ ಅಲ್ಲ, ಹಂದರ. ಹಂದರಕ್ಕ ನಮ್ದೇನೂ ತಕರಾರಿಲ್ಲ," ಎಂದು ಜೀಪು ಹತ್ತಿದರು.

ಜನ ಸೀಟಿ ಹೊಡೆದರು. ಹತ್ತು ಜನ ಹೊತ್ತು ಅದನ್ನು ಅಂಗಡಿಯ ಮಾಳಿಗೆಗೆ ಏರಿಸಿದರು, ಮಾಳಿಂಗಪ್ಪ ನಾಲ್ಕು ಕಂಬ ನೆಟ್ಟು ಅದರ ಮೇಲೆ ಕೂರಿಸಿದ. ಕೆಳಗಿನಿಂದ ನೋಡಿದರೆ ಥೇಟು ಆಕಾಶದಲ್ಲೇ ತೇಲುವಂತಿತ್ತು. ಸ್ವಲ್ಪ ಹೊತ್ತಿಗೆ ಹೆಲಿಕಾಪ್ಟರು ಊರ ಮೇಲೆ ಹಾದುಹೋಗಿ ಅಂಗಡಿ ಮುಂದಿನ ತೋರಣಗಳನ್ನೆಲ್ಲ ಹಾರಿಸಿಕೊಂಡು ಹೋಯಿತು. ಗಾಳಿ ಹಡಗು ಕಣ್ಣು ಮಿಟುಕಿಸಲಿಲ್ಲ.

ನಿಂಗರಾಜ ರಸೂಲ್ ಸಾಹೇಬರನ್ನು ತಬ್ಬಿಕೊಂಡ. ಅವನ ಕಣ್ಣಲ್ಲಿ ನೀರಿತ್ತು. ರಸೂಲ್ ಸಾಹೇಬರ ಎದೆಯ ಮೇಲಿಂದ ಬೆಳಗಿನಿಂದ ಕೂತಿದ್ದ ಬಂಡೆ ಉರುಳಿತು. ಯಾರೋ ಕೊಟ್ಟ ಶರಬತ್ತು ಅಮೃತದ ಹಾಗಿತ್ತು.

"ಮರ್ಯಾದಿ ಉಳಿಸಿದ್ರಿ ರಸೂಲ್ ಭಾಯಿ! ಅಲ್ರೀ, ಬ್ಲಿಂಪಿನಾಗ ಬಿದಿರು ಹಾಕಬೇಕು ಅಂತ ಆ ಬುದ್ಧಿ ಯಾರಿಗೆ ಬಂತು?"

ಶರಬತ್ತು ಇಳಿದ ಜೋರಿಗೆ ನಾಲಿಗೆ ಜಾರಿತು. "ನಮ್ದೇ ರೀ. ಮೂವತ್ತು ವರ್ಷದ ಅನುಭವ ಅಲ್ಲೇನು."

ಮಾಳಿಂಗಪ್ಪ ಮೇಲೆ ಗಂಟು ಬಿಗಿಯುತ್ತಿದ್ದ, ಕೇಳಿಸಲಿಲ್ಲ. ಕೇಳಿಸಿದ್ದರೂ ಏನೂ ಅನ್ನುತ್ತಿರಲಿಲ್ಲ. ಆದರೆ ಡ್ರೈವರ್ ಮಾರೆಪ್ಪನಿಗೆ ಕೇಳಿಸಿತು, ಅವನಿಗೆ ಬೆಳಗಿನಿಂದ ಯಾರೂ ಊಟ ಹಾಕಿಸಿರಲಿಲ್ಲ.

"ಸುಳ್ಳ ಹೇಳಬ್ಯಾಡ್ರಿ ಸಾಬ್ರ!" ಎಂದ ಅವನು ಎಲ್ಲರಿಗೂ ಕೇಳುವಂತೆ. "ಬಿದಿರು ಮಾಳಿಂಗಪ್ಪಂದು, ಬುದ್ಧಿ ಅವಂದು, ಗಂಟು ಅವಂದು. ಅದಕ್ಕಾಗಿ ಇವ್ರು ಅವನ್ನ ಬೈದು ಬೈದು, ಮಾನ್ವಿಯಾಗ ಬಳಿ ಅಂಗಡಿ ಮುಂದ ನಿಂದ್ರಸಿ ಕೆಲಸದಿಂದ ತಗದ್ರು ಸಾವ್ಕಾರ್ರ. ನಾ ಕಣ್ಣಾರೆ ನೋಡೀನಿ."

ಶರಬತ್ತಿನ ಗ್ಲಾಸು ರಸೂಲ್ ಸಾಹೇಬರ ಕೈಯಲ್ಲೇ ಉಳಿಯಿತು. ನಿಂಗರಾಜ ಅವರನ್ನೊಮ್ಮೆ, ಮಾಳಿಗೆಯನ್ನೊಮ್ಮೆ ನೋಡಿದ. ಆಮೇಲೆ ಕೈಯಾಡಿಸಿ ಮಾಳಿಂಗಪ್ಪನನ್ನು ಕೆಳಗೆ ಕರೆಸಿದ.

"ನೀ ಈಗ ಯಾರ ಕಡಿ ಕೆಲಸಕ್ಕಿದ್ದಿ?"

"ಯಾರ ಕಡಿನೂ ಇಲ್ರಿ. ಮಧ್ಯಾಹ್ನದಿಂದ ಖಾಲಿ ಅದೀನಿ."

"ಹಂಗಾರ ನನ್ನ ಮಗಳ ಮದುವಿ ಹಂದರ ನೀ ಹಾಕು. ನಾ ಮಾತು ಕೊಟ್ಟದ್ದು ಈ ಹಡಗಿಗೆ. ಈ ಹಡಗು ಕಟ್ಟಿದಾಂವ ನೀನು."

ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಮುಷರ್ರಫ್ ಕೂಡ ರಸೂಲ್ ಸಾಹೇಬರ ಮುಖ ನೋಡಿ ನಗಲಿಲ್ಲ. ಅದು ಇನ್ನೂ ಹೆಚ್ಚು ಚುಚ್ಚಿತು.

ಅಷ್ಟರಲ್ಲಿ ಭಾಗ್ಯಜ್ಯೋತಿ ಮಾಳಿಂಗಪ್ಪನ ಮುಂದೆ ಬಂದಳು. "ಕಾಕಾ, ಮದುವಿ ದಿನ ನಾವಿಬ್ರೂ ಇದರಾಗ ಕುಂತು ಮ್ಯಾಲಿಂದ ಹಂದರದಾಗ ಇಳೀಬೇಕು. ಮಾಡ್ತೀರಿಲ್ಲ?"

"ಅದು ಆಗಂಗಿಲ್ಲ ಯವ್ವಾ," ಎಂದ ಮಾಳಿಂಗಪ್ಪ.

"ಆಗಂಗಿಲ್ಲೇನು? ಹೋಗ್ಲಿ ಬಿಡ್ರಿ ಹಂಗಾರ. ನಡಕೊಂಡೇ ಬರ್ತೀವಿ," ಎಂದು ಅವಳು ಸೀರೆ ತೋರಿಸಲು ಒಳಗೆ ಹೋದಳು.

ರಸೂಲ್ ಸಾಹೇಬರು ಕಣ್ಣು ಬಾಯಿ ಬಿಟ್ಟು ನಿಂತರು. ಮೂವತ್ತು ವರ್ಷ ಅವರು ಕುದುರೆಗೆ ಸುಣ್ಣ ಬಳಿದದ್ದು, ಬೇರೆ ಊರಿಂದ ಕುರ್ಚಿ ಹೊತ್ತು ತಂದದ್ದು, ಆ ಒಂದು ಮಾತು ಆಡಬಾರದೆಂದು. ಗಿರಾಕಿ ಓಡಿಹೋಗಲಿಲ್ಲ, ಆಕಾಶ ಬೀಳಲಿಲ್ಲ, ಅವಳು ಹುಬ್ಬು ಕೂಡ ಗಂಟಿಕ್ಕಲಿಲ್ಲ.

ನಿಂಗರಾಜನೂ ಗಿರಾಕಿಗಳ ಕಡೆ ಹೋದ ಮೇಲೆ ಮಾಳಿಂಗಪ್ಪ ಮೆಲ್ಲಗೆ ಅವರ ಪಕ್ಕಕ್ಕೆ ಬಂದು ಕುಕ್ಕರುಗಾಲಿನಲ್ಲಿ ಕೂತ. ಸ್ವಲ್ಪ ಹೊತ್ತು ನೆಲದ ಮೇಲೆ ಕಡ್ಡಿಯಿಂದ ಏನೋ ಗೀಚಿದ.

"ಯಪ್ಪಾ, ಒಂದು ಮಾತ. ಐದು ಸಾವಿರ ಮಂದಿ ಹಂದರ. ನನ್ನ ಹತ್ರ ಬಿದಿರು ಅದ, ಕೈ ಅದಾವ. ಬಟ್ಟಿ ಇಲ್ಲ, ಕುರ್ಚಿ ಇಲ್ಲ, ಪಾತ್ರಿ ಇಲ್ಲ. ನಿಮ್ಮಲ್ಲಿ ಎಲ್ಲಾ ಅದ."

"ಇದ್ರ?"

"ನನ್ನ ಕಡಿ ಬರ್ರಿ. ಸಾಮಾನು ನಿಮ್ದು, ನೀವೂ ಕೂಡ ನಿಂತು ಮಾಡಿಸ್ರಿ. ಒಂದೇ ಷರತ್ತು."

"ಏನು?"

"ಮಂದಿ ಮುಂದ ಬೈಯೂ ಹಂಗಿಲ್ಲ. ಬೈಯೂದಿದ್ರ ನಾ ಬೈತೀನಿ, ಮಾಲಕ ನಾನಲ್ಲೇನು."

ರಸೂಲ್ ಸಾಹೇಬರು ಮಾಳಿಗೆಯ ಮೇಲಿನ ಬಿಳಿ ಹಡಗನ್ನು ನೋಡಿದರು. ಸಂಜೆಯ ಬಿಸಿಲಿನಲ್ಲಿ ಅದರೊಳಗಿನ ಬಿದಿರಿನ ಬಳೆಗಳು ಒಂದೊಂದಾಗಿ ನೆರಳಾಗಿ ಕಾಣುತ್ತಿದ್ದವು. ದಾರಿಯಲ್ಲಿ ಹೋಗುವ ಇಬ್ಬರು ಸೈಕಲ್ ನಿಲ್ಲಿಸಿ, ಯಾರು ಕಟ್ಟಿದ್ದು ಇದು ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಮದುವೆಯ ಹಂದರ ತಮ್ಮ ಅಂಗಡಿಗೇ ಬರುತ್ತಿತ್ತು, ಹಿಂಬಾಗಿಲಿನಿಂದ. ಅವಮಾನವಾಗಬೇಕಿತ್ತು, ಆಯಿತು ಕೂಡ, ಆದರೆ ಅದಕ್ಕಿಂತ ಹೆಚ್ಚಾಗಿ ಎದೆ ತಣ್ಣಗಾಯಿತು. ಇನ್ನು ಮದುವೆಯ ತನಕ ಎರಡು ತಿಂಗಳು ನಿಂಗರಾಜ ಏನೇನು ಕೇಳಿದರೂ ಉತ್ತರ ಕೊಡಬೇಕಾದವನು ಮಾಳಿಂಗಪ್ಪ.

"ಆತು," ಎಂದರು. ಸ್ವಲ್ಪ ತಡೆದು, "ಆತ್ರಿ," ಎಂದು ತಿದ್ದಿಕೊಂಡರು.

"ಹಂಗಾರ ಏಳ್ರಿ," ಎಂದ ಮಾಳಿಂಗಪ್ಪ, ಚಡ್ಡಿಯ ಧೂಳು ಕೊಡವಿ ಲಾರಿಯ ಕ್ಯಾಬಿನ್ನಿನ ಬಾಗಿಲು ತೆರೆಯುತ್ತಾ. "ಮೊದ್ಲು ಮಾರೆಪ್ಪಗ ಊಟ ಹಾಕಸ್ರಿ. ಆಮ್ಯಾಲೆ ಹಿಂದ ಹತ್ತಿ ಹಗ್ಗ ಸುತ್ತಿ ಇಡ್ರಿ, ನಾಳಿ ಆರಕ್ಕ ಕೆಲಸ ಶುರು ಅದ."